ನಕ್ಷೆ ಕಾಯುತ್ತಿದ್ದ ಅಕ್ಕಾವರು

ಅಕ್ಕಾವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಶಾಯಿ ಎಂದೂ ಹೋಗುತ್ತಿರಲಿಲ್ಲ. ಬೆಳಗಾವಿಯ ನಮ್ಮ ಕಾರ್ಖಾನೆಯಲ್ಲಿ ಯುದ್ಧವಿಮಾನದ ಬಿಡಿಭಾಗಗಳನ್ನು ಮಾಡುತ್ತಿದ್ದೆವು. ಅವುಗಳ ನಕ್ಷೆಗಳು ವಿದೇಶದ ಕಂಪನಿಯಿಂದ ಬರುತ್ತಿದ್ದವು. ಅವರು ಒಪ್ಪಿದ ಪಟ್ಟಿಯಲ್ಲಿ ಹೆಸರಿದ್ದವರನ್ನು ಬಿಟ್ಟು ಬೇರೆ ಯಾರೂ ಅವನ್ನು ನೋಡಕೂಡದು ಎಂಬುದು ಷರತ್ತು. ಪ್ರತಿ ಹಾಳೆಗೂ ಕೆಂಪು ಮುದ್ರೆ ಒತ್ತಿ, ಸಹಿ ಪಡೆದು ಕೊಡುವುದು, ಸಂಜೆ ಎಲ್ಲವನ್ನೂ ವಾಪಸು ಪಡೆದು ಬೀಗ ಹಾಕುವುದು ಅಕ್ಕಾವರ ಕೆಲಸ.

ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದರು. ಅವರ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನಮ್ಮ ಹೊಟ್ಟೆಗೇ. ನಕ್ಷೆಯ ವಿಷಯಕ್ಕೆ ಬಂದರೆ ಮಾತ್ರ ಪಕ್ಕಾ ಜಿಪುಣಿ. ಒಮ್ಮೆ ಮಾಲೀಕರೇ ನಕ್ಷೆಯ ಕೋಣೆಯ ಬಾಗಿಲಿಗೆ ಬಂದು ನಿಂತರು. "ಸಾಹೇಬ್ರ, ಪಟ್ಟಿಯೊಳಗ ನಿಮ್ಮ ಹೆಸರಿಲ್ರೀ. ಹೊರಗ ಕುಂದರ್ರಿ, ಚಹಾ ತರಸ್ತೀನಿ" ಎಂದರು ಅಕ್ಕಾವರು. ಮಾಲೀಕರು ನಗುತ್ತ ಹೊರಗೇ ಚಹಾ ಕುಡಿದು ಹೋದರು.

ಅಂಥವರು ಒಂದೇ ಒಂದು ಸಲ ಸಡಿಲ ಬಿಟ್ಟದ್ದು ಮಷೀನು ನಡೆಸುತ್ತಿದ್ದ ನನಗಾಗಿ. ನಕ್ಷೆ ಇರುವ ಕಡೆಗೆ ಫೋನನ್ನು ಹೊರಗಿಟ್ಟೇ ಬರಬೇಕೆಂಬ ನಿಯಮ. ನನ್ನ ಹೆಂಡತಿಗೆ ಆಗ ದಿನ ತುಂಬಿತ್ತು. "ಹೋಗ್ಲಿ, ಕಿಸೆದಾಗ ಇಟ್ಕೊ. ಮನಿಯಿಂದ ಫೋನ್ ಬಂದ್ರಷ್ಟ ತಗೀಬೇಕ ನೋಡು" ಎಂದರು.

ಅದೇ ಮಧ್ಯಾಹ್ನ ಬಿಡಿಭಾಗವನ್ನು ಹಿಡಿದಿಡುವ ಜಿಗ್ ಮುರಿದು ಮಷೀನು ನಿಂತಿತು. ಊರೊಳಗೇ ಇರುವ ವಡಗಾವಿಯಲ್ಲಿ ಲೋಹ ಕಡೆಯುವ ಲೇಥ್ ಇಟ್ಟುಕೊಂಡಿದ್ದ ಗೆಳೆಯ ತಾಸಿನಲ್ಲಿ ಹೊಸದು ಮಾಡಿಕೊಡುತ್ತಾನೆಂದು, ಅಳತೆಗಾಗಿ ಆ ಬಿಡಿಭಾಗದ ನಕ್ಷೆಯ ಫೋಟೊ ತೆಗೆದು ಅವನಿಗೆ ಕಳಿಸಿಬಿಟ್ಟೆ. ದೊಡ್ಡ ಜಾಣತನ ಮಾಡಿದವನಂತೆ ಅಕ್ಕಾವರಿಗೂ ಹೇಳಿದೆ.

ಅವರ ಮುಖ ಬಿಳಿಚಿಕೊಂಡಿತು.

"ವಡಗಾವಿಗೆ ಕಳಿಸೀನ್ರೀ, ಪರದೇಶಕ್ಕಲ್ಲ" ಎಂದೆ.

"ಪಟ್ಟಿಯೊಳಗ ಇಲ್ಲದವ್ರು ಬಾಜೂ ಮನಿಯವ್ರಾದ್ರೂ ಅಷ್ಟ, ಪರದೇಶದವ್ರಾದ್ರೂ ಅಷ್ಟ."

ಫೋಟೊ ಅಳಿಸಿ ಸುಮ್ಮನಿದ್ದುಬಿಡಿ ಎಂದರು ಮ್ಯಾನೇಜರು. ಅಕ್ಕಾವರು ಕೇಳಲಿಲ್ಲ. ಗೆಳೆಯನ ಫೋನಿನಿಂದಲೂ ಅದನ್ನು ತೆಗೆಸಿ, ವಿದೇಶದ ಕಂಪನಿಗೆ ನಡೆದದ್ದನ್ನೆಲ್ಲ ಬರೆಯಲು ಕೂತರು. ಫೋನು ಒಳಗೆ ಬಿಟ್ಟದ್ದನ್ನಾದರೂ ಬರೆಯಬೇಡಿ, ನಿಮ್ಮ ಕೆಲಸಕ್ಕೇ ಕುತ್ತು ಎಂದು ಬೇಡಿಕೊಂಡೆ. "ಅರ್ಧಾ ಖರೇ ಬರದ್ರ ನಾಳೆ ನಮ್ಮನ್ನ ಯಾರು ನಂಬ್ತಾರಪಾ?" ಎನ್ನುತ್ತ ಅದನ್ನೇ ಮೊದಲು ಬರೆದರು.

ವಿದೇಶದವರು ಆರ್ಡರು ಕಸಿದುಕೊಳ್ಳಲಿಲ್ಲ. ಕಾರ್ಖಾನೆಯವರು ನನಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಅಷ್ಟಕ್ಕೇ ಬಿಟ್ಟರು. ಅಕ್ಕಾವರನ್ನು ಮಾತ್ರ ನಕ್ಷೆಯ ಕೋಣೆಯಿಂದ ಬಿಡಿಸಿ, ಸ್ಟೋರಿನಲ್ಲಿ ಕೈಗವಸು, ಎಣ್ಣೆ ಕೊಡುವ ಕಿಟಕಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ನನ್ನನ್ನು ಒಂದು ದಿನವೂ ಚುಚ್ಚಲಿಲ್ಲ. ಎದುರಾದಾಗಲೆಲ್ಲ "ಕೂಸು ಹೆಂಗೈತಿ?" ಎಂದೇ ಕೇಳುತ್ತಿದ್ದರು. ನಾಚಿಕೆಯಿಂದ ನಾನೇ ಆ ಕಿಟಕಿಯ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ಹೋದ ವರ್ಷ ತೀರಿಕೊಂಡರು. ಖಾನಾಪುರದ ಮನೆಗೆ ಹೋದಾಗ ಅವರ ಯಜಮಾನರು ಹೇಳಿದರು: "ನಕ್ಷೆ ಕೆಲಸ ಯಾಕ ಬಿಟ್ಟಿ ಅಂತ ಭಾಳ ಸಲ ಕೇಳೀನ್ರೀ. ಕಣ್ಣು ಮಂಜಾಗ್ಯಾವು ಅಂತಿದ್ಲು, ಅಷ್ಟ."

ನನಗೆ ತಡೆಯಲಾಗಲಿಲ್ಲ. ಕೂತಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು.

"ಆಕಿ ಹೇಳಿಲ್ಲಂದ್ರ, ನೀವು ಹೇಳಿದ್ದನ್ನ ನಾನೂ ಕೇಳಿಲ್ಲ ಅಂತ ತಿಳೀರಿ."