ಅಕ್ಕನ ಮನೆಯ ವೋಲ್ಟೇಜು

ಕೀ… ಕೀ… ಕೀ. ಮೊನ್ನೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಹೊಸ ವಾಷಿಂಗ್ ಮಷೀನು ಕೆಲಸ ಮುಗಿಸಿ ಕೂಗಿಕೊಂಡಾಗ ನಾನು ಕುರ್ಚಿಯಿಂದ ಧಡಕ್ಕನೆ ಎದ್ದುಬಿಟ್ಟೆ. ಬಟ್ಟೆಗಾಗಿ ಅಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಕರೆಂಟು ಸಾಲದೆ ನಿಂತಾಗೆಲ್ಲ ಅಕ್ಕನ ಆಕ್ಸಿಜನ್ ಮಷೀನು ಹೀಗೇ ಕೂಗುತ್ತಿತ್ತು.

ಅಕ್ಕನ ಶ್ವಾಸಕೋಶ ಸೋತಿತ್ತು. ಪೈಪಿನಲ್ಲಿ ಮೂಗಿಗೆ ಉಸಿರು ಕೊಡುತ್ತಿದ್ದ ಆ ಮಷೀನು ಸಂಜೆಯಾದರೆ ನಿಂತುಬಿಡುವುದು. ಸಿಲಿಂಡರು ತೆರೆಯುವಷ್ಟರಲ್ಲಿ ಅವಳ ತುಟಿ ನೀಲಿ. ಸ್ಟೆಬಿಲೈಜರೂ ಕೈಚೆಲ್ಲಿತ್ತು. ಲೈನ್‌ಮನ್ ಮಾತ್ರ ಮಧ್ಯಾಹ್ನ ಬಂದು ಮೀಟರ್ ಹಿಡಿದು, "ನೋಡಿ ಸರ್, ವೋಲ್ಟೇಜ್ ಕರೆಕ್ಟಾಗಿದೆ. ನಿಮ್ಮ ಮಷೀನೇ ಖರಾಬು" ಎಂದು ಹೋಗುತ್ತಿದ್ದ.

ಭಾವ ಸುಮ್ಮನಿರುವ ಗಂಡಸಲ್ಲ. ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ತಲೆ ನರೆಸಿಕೊಂಡವರು. ಗುಜರಿ ಅಂಗಡಿಯಿಂದ ಒಂದು ಡೇಟಾಲಾಗರ್ ಹಿಡಿದು ತಂದರು. ಹೆಸರಿಗೆ ಹೆದರಬೇಡಿ, ಬಂದ ವೋಲ್ಟೇಜನ್ನು ಅಳೆದು ನೆನಪಿಟ್ಟುಕೊಳ್ಳುವ ಡಬ್ಬಿ, ಅಷ್ಟೆ. ವಠಾರದ ಅಜ್ಜಿಯರ ಹಾಗೆ, ಕಿಟಕಿ ಬಿಟ್ಟು ಏಳುವುದಿಲ್ಲ. ಮನೆಯ ಕರೆಂಟು ನೇರ ಕೊಟ್ಟರೆ ಸುಟ್ಟುಹೋದೀತೆಂದು ಭಾವ ಸಣ್ಣ ಟ್ರಾನ್ಸ್‌ಫಾರ್ಮರ್ ಕಟ್ಟಿ ಎರಡು ಮೂರು ವೋಲ್ಟಿಗೆ ಇಳಿಸಿದರು. ಪ್ರೋಗ್ರಾಂ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿದವಳಲ್ಲವೇ!

"ನಮ್ಮ ಕಾಲದ ಮೀಟರಿನಲ್ಲಿ ಕಾಗದದ ಮೇಲೆ ಪೆನ್ನು ತಾನೇ ಗೆರೆ ಎಳೀತಿತ್ತು ಮಾರಾಯ್ತಿ. ಇದಕ್ಕೆ ಅ ಆ ಇ ಈಯಿಂದ ಹೇಳಿಕೊಡಬೇಕಲ್ಲ!" ಎಂದರು ಭಾವ.

ಹೇಳಿಕೊಟ್ಟೆ. ಯಾವ ಚಾನೆಲ್ ನೋಡಬೇಕು, ಯಾವ ರೇಂಜು, ಎಷ್ಟರಿಂದ ಗುಣಿಸಿದರೆ ಮನೆಯ ವೋಲ್ಟೇಜು. ಸೆಕೆಂಡಿಗೊಮ್ಮೆ ಅಳೆ, ಗಂಟೆಗೊಮ್ಮೆ ಬರೆದಿಡು. ಆ ಸಂಜೆಯೂ ಮಷೀನು ಕೂಗಿತು. ಮರುದಿನ ನೋಡಿದರೆ ಲಾಗರಿನಲ್ಲಿ ಎಲ್ಲಾ ಗಂಟೆಯೂ ಪರ್ಫೆಕ್ಟ್. ಹಾಗಾದರೆ ಲೈನ್‌ಮನ್ ಹೇಳಿದ್ದೇ ಸರಿಯೇ?

"ಏನನ್ನೇ ಬರೆದಿಡು ಅಂತ ಹೇಳಿದೀಯ ಅದಕ್ಕೆ?" ಎಂದಳು ಅಕ್ಕ, ಹಾಸಿಗೆಯಿಂದಲೇ.

"ಆವರೇಜ್ ಅಕ್ಕ. ಗಂಟೆಯ ರೀಡಿಂಗ್‌ಗಳದ್ದೆಲ್ಲ ಸರಾಸರಿ."

ಅಕ್ಕ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. "ನಾನೇನು ಆವರೇಜಾಗಿ ಉಸಿರಾಡ್ತೀನೇನೇ? ಕಾನ್ವೆಂಟಿನಲ್ಲೂ ನೀನು ಆವರೇಜೇ!"

ಭಾವ ಫ್ಯಾನು ನೋಡುತ್ತಾ ನಿಂತರು. ನನಗೋ ಲ್ಯಾಬಿನ ಅಭ್ಯಾಸ. ನಾಲ್ಕು ರೀಡಿಂಗ್ ಕಂಡರೆ ಕೂಡಿಸಿ ಭಾಗಿಸದೆ ಸಮಾಧಾನವಿಲ್ಲ. ಅಕ್ಕನ ಉಸಿರು ಕಟ್ಟಿದ ಆ ಕೆಲವೇ ನಿಮಿಷಗಳನ್ನು ನಾನೇ ಉಳಿದ ಗಂಟೆಯೊಳಗೆ ಕರಗಿಸಿಬಿಟ್ಟಿದ್ದೆ. ಪ್ರೋಗ್ರಾಮಿನಲ್ಲಿ ಒಂದೇ ಪದ ಬದಲಿಸಿದೆ: ಆವರೇಜ್ ಹೋಗಿ ಮಿನಿಮಮ್.

ಸಂಜೆ ನಲ್ಲಿ ನೀರು ಬಂತು. ಬೀದಿಯ ಮನೆಮನೆಯಲ್ಲೂ ಒಟ್ಟಿಗೇ ಪಂಪು ಹಾಕಿದರು. ವೋಲ್ಟೇಜು ನೂರೈವತ್ತಕ್ಕೂ ಕೆಳಗೆ ಕುಸಿದದ್ದನ್ನು ಡಬ್ಬಿ ನಿಷ್ಠೆಯಿಂದ ಬರೆದಿಟ್ಟಿತ್ತು. ಲೈನ್‌ಮನ್ ಅದನ್ನು ಕಂಡು ತಲೆ ಕೆರೆದುಕೊಂಡ. "ಆ ಹೊತ್ತಿಗೆ ನಾನು ಬಂದೇ ಇಲ್ಲವಲ್ಲಮ್ಮ." ಅಂದೇ ಕಂಬ ಹತ್ತಿ ಮನೆಯ ವೈರನ್ನು ಹೊರೆ ಕಡಿಮೆಯಿದ್ದ ಬೇರೆ ಫೇಸಿಗೆ ಹಾಕಿಕೊಟ್ಟ. ಮಷೀನು ಮತ್ತೆ ಕೂಗಲಿಲ್ಲ. ಅಕ್ಕನಿಗೆ ಸಂಜೆಗಳು ವಾಪಸ್ಸು ಬಂದವು. ಜೊತೆಗೆ ಬಾಯಿಯೂ.

ವಾಷಿಂಗ್ ಮಷೀನಿನ ಬಾಯಿ ಮುಚ್ಚಿಸಿ ಬಂದವಳು ಅವತ್ತು, ಅಕ್ಕ ಹೋದಮೇಲೆ ಒಂಟಿಯಾದ ಭಾವನಿಗೆ ಫೋನ್ ಮಾಡಿ ಹೇಗಿದ್ದೀರೆಂದೆ. "ಒಟ್ಟಾರೆ ಪರವಾಗಿಲ್ಲ ಕಣೇ" ಎಂದರು. ಮುಂಚೆಯಾದರೆ ಅಷ್ಟಕ್ಕೇ ಇಟ್ಟುಬಿಡುತ್ತಿದ್ದೆ. "ಸಂಜೆ ಹೊತ್ತು ಹೇಗಿರ್ತೀರಿ ಭಾವ?" ಎಂದೆ. ಭಾವ ಒಂದೊಂದಾಗಿ ಹೇಳತೊಡಗಿದರು.

ಅಕ್ಕನನ್ನು ಕೊನೆಯ ಸಲ ಕಂಡದ್ದೂ ಒಂದು ಸಂಜೆಯೇ. ಶಿವಮೊಗ್ಗದ ಬಸ್ಸಿಗೆ ಹೊತ್ತಾಯಿತೆಂದು ನಾನೆದ್ದರೆ, ಬೇಡವೆಂದರೂ ಕೇಳದೆ ಹಿಂದೆಯೇ ಬಂದಳು. ಹೊಸ್ತಿಲ ಹತ್ತಿರ ಪೈಪು ಮುಗಿಯಿತು. ಅಲ್ಲೇ ನಿಂತು, "ಮಲವಗೊಪ್ಪ ದಾಟಿದ ಮೇಲೆ ಫೋನ್ ಮಾಡೇ, ಮರೀಬೇಡ" ಎಂದಳು. ಗೇಟು ಹಾಕಿ ತಿರುಗಿದಾಗಲೂ ನಿಂತೇ ಇದ್ದಳು, ಒಂದು ಕೈಯಲ್ಲಿ ಪೈಪು ಹಿಡಿದು, ಇನ್ನೊಂದನ್ನು ಬೀಸುತ್ತಾ.