ಒಂಬತ್ತನೇ ತರಗತಿಯ ಜಟೆ

ಮಕ್ಕಳ ಕಷ್ಟಸುಖ ಕೇಳುವ ಹೆಚ್ಚುವರಿ ಕೆಲಸ ನಮ್ಮ ಶಾಲೆಯಲ್ಲಿ ನನ್ನ ಕೊರಳಿಗೆ ಬಿದ್ದದ್ದು ಉಳಿದವರೆಲ್ಲ ಜಾಣತನದಿಂದ ತಲೆ ತಗ್ಗಿಸಿ ಕೂತಿದ್ದರಿಂದ. ಹಾವೇರಿಯಲ್ಲಿ ತರಬೇತಿ ಕೊಟ್ಟರು. ಮಗು ತಾನಾಗಿ ಮಾತಾಡುವವರೆಗೆ ಕಾಯಿರಿ ಎಂದರು. ಕಾಯುವುದು ನನ್ನ ಜಾಯಮಾನವಲ್ಲ. ಬಸ್ಸು ತಡವಾದರೆ ಹಿರೇಕೆರೂರು ನಿಲ್ದಾಣದಲ್ಲಿ ಜಗಳಕ್ಕೆ ನಿಲ್ಲುವವಳು ನಾನು.

ಮಾಸೂರಿನ ಕಡೆಯಿಂದ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೂದಲು ದೀಪಾವಳಿ ರಜೆಯ ನಂತರ ಗಂಟುಗಟ್ಟಿತು. ನೋಡನೋಡುತ್ತ ಹಗ್ಗದಂಥ ಜಟೆಯಾಯಿತು. ದೇವಿ ಒಲಿದಿದ್ದಾಳೆಂದು ಮನೆಯವರು ಬಾಚಣಿಗೆ ಮುಟ್ಟಿಸಲಿಲ್ಲ; ಅರಿಸಿನ ಹಚ್ಚಿ ಶಾಲೆಗೆ ಕಳಿಸಿದರು. ಬೆಂಚಿನಲ್ಲಿ ಜೊತೆಯವರು ದೂರ ಸರಿದರು. ಕೆಲವರು ಹೇನಿನ ಗೂಡೆಂದು ನಕ್ಕರು, ಕೆಲವರು ಹೆದರಿ ಕೈಮುಗಿದರು. ಓದಿನಲ್ಲಿ ಬಲು ಚುರುಕಾದ ಹುಡುಗಿ; ಗಣಿತದಲ್ಲಂತೂ ನನ್ನ ತಪ್ಪು ಹಿಡಿಯುತ್ತಿದ್ದಳು. ಹೀಗೇ ಬಿಟ್ಟರೆ ಅವಮಾನ ತಾಳಲಾರದೆ ಶಾಲೆ ಬಿಡುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಅವಳನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹೊಲದ ಕೂಲಿ ಮುಗಿಸಿ ಬರುತ್ತಿದ್ದ ಅವಳ ಅವ್ವನನ್ನು ಹಿಡಿದು ಕೂರಿಸಿದೆ. ಕೊಳೆ, ಜಿಡ್ಡು, ಹೇನು ಎಂದು ವಿಜ್ಞಾನದ ಪಾಠವನ್ನೆಲ್ಲ ಒಪ್ಪಿಸಿದೆ. ದೇವಿಗೂ ಕೂದಲಿಗೂ ಏನು ಸಂಬಂಧವೆಂದು ರೇಗಿದೆ, ಪುಸಲಾಯಿಸಿದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಎಲ್ಲ ಕೇಳಿಸಿಕೊಂಡಳು.

"ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ಮ್ಯಾಲ ಐತ್ರಿ ಅಕ್ಕಾರ" ಎಂದು ಕೊನೆಗೆ ಜಟೆ ಕತ್ತರಿಸಲು ಒಪ್ಪಿದಳು. ಗೆದ್ದೆನೆಂದು ಬೀಗಿದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಅವ್ವ ತೆಂಗಿನಕಾಯಿ ಹಿಡಿದು ವರಾಂಡದಲ್ಲಿ ಕೂತಳು. ನಾನು ಹುಡುಗಿಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ. ಕತ್ತರಿ ಎತ್ತುತ್ತಿದ್ದಂತೆ ಅವಳು ನನ್ನ ಮಣಿಕಟ್ಟು ಹಿಡಿದಳು.

"ಕತ್ತರಸಬ್ಯಾಡ್ರಿ ಟೀಚರ್. ಇದು ತಾನ ಬಂದಿದ್ದಲ್ರಿ. ನಾನ ಮಾಡ್ಕೊಂಡೇನಿ."

"ಏನಂದಿ?"

"ಆಲದ ಹಾಲು ಹಚ್ಚಿ ಹಚ್ಚಿ ಗಂಟು ಹಾಕೇನ್ರಿ. ನಮ್ಮವ್ವನ ತಮ್ಮನ ಜೋಡಿ ಮದಿವಿ ಮಾತಾಗಿತ್ತು, ಬ್ಯಾಸಗಿ ಸೂಟ್ಯಾಗ ಮಾಡೂದು ಅಂತ. ಜಡಿ ಬಂದಾಕಿನ್ನ ಯಾರೂ ಮಾಡ್ಕೊಳ್ಳೂದಿಲ್ಲ, ಅದಕ್ಕ ಸುಮ್ನಾಗ್ಯಾರ. ನೀವು ಕತ್ತರಿಸಿದ್ರ ನಾಳೆನ ಸಾಲಿ ಬಿಡಸ್ತಾರ್ರಿ."

ಹದಿನಾಲ್ಕರ ಹುಡುಗಿ ತನ್ನ ತಲೆಯನ್ನು ತಾನೇ ಹಾಳು ಮಾಡಿಕೊಂಡು, ಎಲ್ಲರ ನಗೆ ನುಂಗಿಕೊಂಡು, ಯಾರಿಗೂ ಹೇಳದೆ ಶಾಲೆಯಲ್ಲಿ ಉಳಿದಿದ್ದಳು. ಅವಳನ್ನು ಉಳಿಸುತ್ತೇನೆಂದು ಕತ್ತರಿ ಹಿಡಿದು ನಿಂತವಳು ನಾನು! ಕತ್ತರಿ ಕೆಳಗಿಟ್ಟೆ.

"ನನಗರ ಹೇಳಬಾರದೇನವಾ?"

"ನೀವು ಅವ್ವನ ಜೋಡಿ ಕುಂತು ಮಾತಾಡಿದ್ರಲ್ರಿ, ಅವ್ವನ ಕಡೆ ಇದ್ದೀರಿ ಅಂದ್ಕೊಂಡಿದ್ನಿರಿ."

ಇಷ್ಟು ಹೇಳುವಾಗಲೂ ಅವಳ ಬೆರಳು ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಮದುವೆಯ ಸುದ್ದಿಯನ್ನು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಲೇಬೇಕಿತ್ತು. ತಿಳಿಸುತ್ತೇನೆಂದು ಅವಳಿಗೂ ಹೇಳಿದೆ. ಆದರೆ ಅವರು ಬರುವುದು ಬೇಗನೆಂದರೂ ಸೋಮವಾರ. ಅವ್ವ ಕೂತಿದ್ದದ್ದು ಈಗ, ಬಾಗಿಲಾಚೆ.

ಬಾಗಿಲು ತೆರೆದೆ. "ಆತೇನ್ರಿ?" ಎಂದು ಅವ್ವ ಎದ್ದು ನಿಂತಳು.

"ಇಲ್ಲವ್ವಾ. ದೇವಿ ಒಲ್ಲೆ ಅಂದಾಳ" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. "ಹುಡುಗೀನ ಸಾಲಿ ಮಾತ್ರ ಬಿಡಸಬ್ಯಾಡ ಅಂದಾಳ" ಎಂದೂ ಸೇರಿಸಿದೆ. ನನ್ನ ಬಾಯಿಂದ ಇಂಥ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ನಾನೇ ಬೆಚ್ಚಿದೆ.

ಆಕೆಯ ಮುಖ ಬಿಳಿಚಿಕೊಂಡಿತು. ಕಾಯಿ ಕೆಳಗಿಟ್ಟು, ತಲೆಗೆ ಸೆರಗು ಹೊದ್ದು, ಬಗ್ಗಿ ಮಗಳ ಪಾದಕ್ಕೆ ಹಣೆ ಹಚ್ಚಿದಳು. ಹುಡುಗಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವ್ವನ ಬೆನ್ನಿನ ಮೇಲಿಂದ ನನ್ನನ್ನೇ ನೋಡುತ್ತ, ಸದ್ದು ಬರದಂತೆ ತುಟಿ ಕಚ್ಚಿಕೊಂಡು ಅಳುತ್ತಿದ್ದಳು.