ಕಾಲ್ಬೆರಳಿಗೆ ಕಟ್ಟಿದ ಎಳೆ

ನನ್ನ ತಂಗಿಗೆ ಟೈಪ್‌ರೈಟಿಂಗ್ ಸರ್ಟಿಫಿಕೇಟು ಸಿಗದ ಹಾಗೆ ಮಾಡಿದ್ದು ಯಾರು ಅಂತ ಕೇಳಿದರೆ ನಾನು ಮೊದಲು ಆ ಪರೀಕ್ಷೆಯ ಸೂಪರ್‌ವೈಸರನ್ನು ಬಯ್ಯುತ್ತೇನೆ. ಬಾಯಿ ತುಂಬ ಬಯ್ಯುತ್ತೇನೆ, ಈಗಲೂ. ಬಯ್ದು ಮುಗಿದ ಮೇಲೆ ಸುಮ್ಮನಾಗಬೇಕಾಗುತ್ತದೆ, ಯಾಕೆಂದರೆ ಬಯ್ಯಿಸಿಕೊಳ್ಳಲು ಉಳಿದವಳು ನಾನೇ.

ಸೇಲಂನ ನೇಕಾರರ ಬೀದಿಯಲ್ಲಿ ನಮ್ಮದು ಒಂದೇ ಮಗ್ಗದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ತಂಗಿಗೆ ಆರು ವರ್ಷವಿದ್ದಾಗ ಬಂದ ಜ್ವರ ಎರಡೂ ಕಿವಿಯನ್ನು ತೆಗೆದುಕೊಂಡು ಹೋಯಿತು. ಮಾತು ಉಳಿಯಿತು, ಏರಿಳಿತವಿಲ್ಲದ ಒಂದೇ ಸ್ವರದ ಮಾತು. ನಮ್ಮ ತುಟಿ ನೋಡಿಕೊಂಡೇ ಮನೆಮಾತನ್ನೆಲ್ಲ ಹಿಡಿದುಬಿಡುತ್ತಿದ್ದಳು. ಆದರೆ ತುಟಿ ಓದಲು ಕಲಿತಿದ್ದು ಕನ್ನಡದಲ್ಲಿ. ಶಾಲೆಯ ವಾದ್ಯಾರು ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡು ತಮಿಳಿನಲ್ಲಿ ಪಾಠ ಹೇಳಿದರೆ ಅವಳಿಗೇನು ಸಿಗುತ್ತದೆ, ಮಣ್ಣು! ಐದನೆಯದಾದ ಮೇಲೆ ಮುಂದಕ್ಕೆ ಯಾರೂ ಸೇರಿಸಿಕೊಳ್ಳಲಿಲ್ಲ. ಪುಸ್ತಕವನ್ನು ಮಾತ್ರ ಅವಳು ಬಿಡಲಿಲ್ಲ. ಮನೆಯಲ್ಲೇ ಓದಿ, ಎಂಟನೆಯದನ್ನು ಪ್ರೈವೇಟಾಗಿ ಕಟ್ಟಿ ಪಾಸಾದಳು. ಆಗ ಅವಳಿಗೆ ಹದಿನಾರು, ನನಗೆ ಇಪ್ಪತ್ತು.

ನಮ್ಮ ಮನೆಯ ಒಂದು ದಾರದ ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮಪ್ಪ ಗುಂಡಿ ಮಗ್ಗದಲ್ಲಿ ಕಾಲಿಳಿಸಿ ಕೂತರೆಂದರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಲಾಳಿಯೊಳಗಿನ ನೂಲು ಮುಗಿದರೆ ನೂಲು ಸುತ್ತಿದ ಹೊಸ ಕಂಡಿಕೆ ಬೇಕು. ಕಂಡಿಕೆ ಸುತ್ತುವವಳು ತಂಗಿ, ಹೊರಗೆ ಜಗಲಿಯಲ್ಲಿ ರಾಟೆಯ ಮುಂದೆ. ಕೂಗಿದರೆ ಕೇಳದು. ಅದಕ್ಕೆ ಅಪ್ಪ ಒಂದು ಹತ್ತಿ ದಾರವನ್ನು ಅವಳ ಕಾಲ್ಬೆರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮಗ್ಗದ ಕಂಬಕ್ಕೆ ಸುತ್ತಿಕೊಂಡಿದ್ದರು. ಒಂದು ಸಲ ಎಳೆದರೆ ಕಂಡಿಕೆ ತಾ. ಎರಡು ಸಲ ಎಳೆದರೆ ಸಾಕು, ನಿಲ್ಲಿಸು. ಅವ್ವ ಊಟಕ್ಕೆ ಕರೆಯುವುದೂ ಅದರಲ್ಲೇ. ಹತ್ತು ವರ್ಷ ಹಾಗೇ ನಡೆಯಿತು. ಒಮ್ಮೆ ತಂಗಿ, "ಕುರಿ ಕಟ್ಟಾಕ್ದಂಗೆ ಕಟ್ಟಾಕಿದೀರಲ್ಲಾ ನನ್ನ" ಅಂದಳು. ಎಲ್ಲರೂ ನಕ್ಕೆವು. ನಾನೇ ಜೋರಾಗಿ ನಕ್ಕಿದ್ದು.

ಎಂಟನೆಯದು ಪಾಸಾದ ವರ್ಷ ನಮ್ಮ ಬೀದಿಯ ನೇಕಾರರ ಸಂಘಕ್ಕೆ ಟೈಪ್ ಮಾಡುವವರು ಬೇಕಾಗಿದ್ದರು. ಸಂಘದ ಯಜಮಾನರು ಅಪ್ಪನಿಗೆ ದೂರದ ನೆಂಟರು. "ಕಿವಿ ಇಲ್ದಿದ್ರೆ ಓಗ್ಲಿ, ಕೈ ಐತಲ್ಲ. ತಮಿಳು ಟೈಪಿಂಗ್‌ನಾಗೆ ಒಂದು ಸರ್ಟಿಫಿಕೇಟು ತರ್ಲಿ, ಈ ಸಲದ ಟೈಪಿಂಗ್ ಪರೀಕ್ಷೆ ಮುಗಿಯೋಗಂಟ ಯಾರ್ನೂ ತಗಳಾಕಿಲ್ಲ" ಅಂದರು. ತಂಗಿ ಆ ಮಾತನ್ನು ಅವರ ತುಟಿಯಿಂದಲೇ ಓದಿದಳು. ಅವತ್ತು ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಂಗೆ ರಾಟೆ ಸಾಕಾಗೋಗೈತೆ. ಕುರ್ಚಿ ಮ್ಯಾಲೆ ಕುಂತ್ಕಂಡು ಕೆಲ್ಸ ಮಾಡ್ಬೇಕು" ಅಂದಳು. ಅವಳು ಜೀವನದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಟೈಪ್‌ರೈಟಿಂಗ್ ಕಲಿಸುತ್ತಿದ್ದ ಮಾಸ್ಟರು ತಮಿಳಿನವರು, ಬಂಗಾರದಂಥ ಮನುಷ್ಯ. ಅವಳ ಎದುರಿಗೇ ಬಂದು ನಿಂತು, ಮುಖ ತೋರಿಸಿ, ನಿಧಾನವಾಗಿ ಮಾತಾಡುತ್ತಿದ್ದರು. ನಮಗೆ ಮನೆಯಲ್ಲಿ ಹತ್ತು ವರ್ಷ ಹೊಳೆಯದ್ದು ಅವರಿಗೆ ಮೊದಲ ದಿನವೇ ಹೊಳೆದಿತ್ತು. ಎಂಟು ತಿಂಗಳಲ್ಲಿ ತಂಗಿ ಟೈಪಿಂಗಿನ ಜೊತೆಗೆ ತಮಿಳಿನ ತುಟಿಯನ್ನೂ ಕಲಿತಳು. ವೇಗದಲ್ಲಿ ಅಲ್ಲಿದ್ದ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿದಳು.

ತೊಡಕು ಒಂದೇ ಇತ್ತು. ವೇಗದ ಪರೀಕ್ಷೆ ಬೆಲ್ಲಿನ ಮೇಲೆ ನಡೆಯುತ್ತದೆ. ಬೆಲ್ ಹೊಡೆದಾಗ ಶುರು, ಹತ್ತು ನಿಮಿಷಕ್ಕೆ ಇನ್ನೊಂದು ಬೆಲ್. ಅದಾದ ಮೇಲೆ ಒಂದು ಅಕ್ಷರ ಹೊಡೆದರೂ ಆ ಪೇಪರು ರದ್ದು. ಬೆಲ್ ಆದಾಗ ಈ ಹುಡುಗಿಯ ಭುಜ ಮುಟ್ಟಲು ಒಬ್ಬರನ್ನು ಬಿಡಿ ಅಂತ ಮಾಸ್ಟರು ಅರ್ಜಿ ಬರೆದರು. ನಾನೇ ತೆಗೆದುಕೊಂಡು ಹೋದೆ. ಪರೀಕ್ಷೆಯ ಆಫೀಸಿನ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಥದ್ದಕ್ಕೆ ಫಾರಮ್ಮಿನಲ್ಲಿ ಜಾಗವೇ ಇಲ್ಲವಮ್ಮ ಅಂದ. ಜಾಗ ಇಲ್ಲವಂತೆ! ಮೂರು ಸಲ ಹೋದೆ, ಮೂರು ಸಲವೂ ಅದೇ ರಾಗ.

ಪರೀಕ್ಷೆಯ ಹಿಂದಿನ ದಿನ ಮಾಸ್ಟರು ಮೆಷಿನ್ನುಗಳನ್ನು ಗಾಡಿಯಲ್ಲಿ ಹೇರಿಕೊಂಡು ಪರೀಕ್ಷೆಯ ಹಾಲಿಗೆ ಹೋದರು, ನಾವೂ ಜೊತೆಗೆ ಹೋದೆವು. ತಂಗಿಯ ನಂಬರು ಕಿಟಕಿಯ ಪಕ್ಕದ ಮೇಜಿಗೆ ಬಿದ್ದಿತ್ತು. ಸರಳಿನ ಕಿಟಕಿ, ಆಚೆಗೆ ಖಾಲಿ ಜಾಗ. ನೋಡುತ್ತಿದ್ದ ಹಾಗೇ ನನ್ನ ತಲೆಯಲ್ಲಿ ನಮ್ಮ ಮನೆಯ ದಾರ ಓಡಿತು. ಮಗ್ಗದ ಮನೆಯವಳಿಗೆ ಇನ್ನೇನು ಹೊಳೆಯುತ್ತದೆ?

ಮನೆಗೆ ಬಂದು ಹೇಳಿದೆ. ತಂಗಿ ತಲೆ ಅಲ್ಲಾಡಿಸಿದಳು. "ಬ್ಯಾಡಕ್ಕ. ಮೇಜೇ ನಂಗೆ ತಿಳಿಸ್ತೈತೆ. ಎಲ್ರೂ ಒಡೆಯಕ್ಕೆ ಸುರು ಮಾಡುದ್ರೆ ಅದುರ್ತೈತೆ, ನಿಲ್ಸುದ್ರೆ ನಿಲ್ತೈತೆ. ಮಾಸ್ಟ್ರು ತಾವ ಅಂಗೇ ಮಾಡ್ತಿದ್ದೆ."

"ಸುಮ್ಕಿರೇ, ನಿಂಗೇನ್ ಗೊತ್ತು! ಒಂದು ಅಕ್ಸರ ಎಚ್ಚಾದ್ರೆ ಎಲ್ಲಾ ಓತು" ಅಂದೆ.

"ಬ್ಯಾಡ ಅಂದ್ನಲ್ಲಾ."

"ನಾನು ನಿನ್ ಅಕ್ಕನೋ ಅಲ್ವೋ?"

ಅವಳು ಎದ್ದು ರಾಟೆಯ ಮುಂದೆ ಹೋಗಿ ಕೂತಳು. ಮನೆಯ ಹತ್ತಿ ದಾರ ದಪ್ಪ, ನೋಡಿದವರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಅಪ್ಪನ ಮಗ್ಗದ ಹಾಸಿನಲ್ಲಿ ಮಿಕ್ಕಿದ್ದ ರೇಷ್ಮೆಯ ಎಳೆಯನ್ನು ತೆಗೆದು, ತುಂಡಿಗೆ ತುಂಡು ಗಂಟು ಹಾಕಿ, ಒಂದು ಕಂಡಿಕೆಗೆ ಸುತ್ತಿದೆ. ಎಷ್ಟು ಜಾಣೆ ನಾನು ಅಂತ ನನಗೇ ಹೆಮ್ಮೆ. ಥೂ!

ಮರುದಿನ ಬೆಳಿಗ್ಗೆ ನಾನೇ ಅವಳ ಕಾಲ್ಬೆರಳಿಗೆ ಎಳೆ ಕಟ್ಟಿದೆ. ಹಾಲಿನೊಳಗೆ ಹೋಗಿ ಕೂತ ಮೇಲೆ ಅವಳು ಸರಳಿನಾಚೆ ನಿಂತಿದ್ದ ನನ್ನನ್ನು ಒಂದು ಸಲ ನೋಡಿದಳು. ನಾನು ಕೈಸನ್ನೆ ಮಾಡಿದೆ. ಮುಷ್ಟಿಯಲ್ಲಿದ್ದ ಕಂಡಿಕೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟಳು.

ಮೊದಲ ಬೆಲ್ ಆಯಿತು. ನಾನು ಒಂದು ಸಲ ಎಳೆದೆ. ಅಷ್ಟರಲ್ಲಿ ಅವಳ ಬೆರಳು ಎಲ್ಲರ ಬೆರಳಿನ ಜೊತೆಗೇ ಓಡುತ್ತಿತ್ತು. ಹಾಲಿನ ತುಂಬ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಆಡಿದ ಹಾಗೆ ಸದ್ದು. ಉಗುರು ಕಚ್ಚಿಕೊಂಡು ನಿಂತಿದ್ದೆ. ಅವಳು ಒಂದು ಸಲವೂ ತಡವರಿಸಲಿಲ್ಲ. ಎರಡನೆಯ ಬೆಲ್ ಆಯಿತು. ಸದ್ದು ನಿಂತಿತು. ತಂಗಿಯ ಎರಡೂ ಕೈ ಮೆಷಿನ್ನಿನಿಂದ ಎದ್ದು ಮಡಿಲಿಗೆ ಬಂದವು. ಈ ಕಣ್ಣಲ್ಲಿ ನೋಡಿದೆ. ನಿಲ್ಲಿಸಿದ್ದಾಳೆ ಅಂತ ಗೊತ್ತಿತ್ತು. ಗೊತ್ತಿದ್ದರೂ ನನ್ನ ಹಾಳು ಕೈ ಎರಡು ಸಲ ಎಳೆಯಿತು.

ಅವಳ ಕಾಲು ಕಿಟಕಿಯ ಕಡೆಗೆ ಜಗ್ಗಿತು. ಪಕ್ಕದಲ್ಲೇ ಬರುತ್ತಿದ್ದ ಸೂಪರ್‌ವೈಸರು ಬಗ್ಗಿ ನೋಡಿದರು. ಎಳೆಯನ್ನು ಬೆರಳಿನಿಂದ ಎತ್ತಿ, ಅದನ್ನೇ ಹಿಡಿದುಕೊಂಡು ಕಿಟಕಿಯವರೆಗೆ ಬಂದರು. ಕಂಡಿಕೆ ಹಿಡಿದು ನಿಂತಿದ್ದ ನಾನು ಸಿಕ್ಕಿದೆ.

ಹೊರಗಿನಿಂದ ಸನ್ನೆ ಮಾಡಿ ಬರೆಸುತ್ತಿದ್ದೀಯಾ ಅಂತ ತಮಿಳಿನಲ್ಲಿ ಗದರಿದರು. ನಾನು ಅಳುತ್ತ ಎಲ್ಲ ಹೇಳಿದೆ. ಮಾಸ್ಟರು ಓಡಿ ಬಂದು ಕೈಮುಗಿದರು. ಬೇಕಾದರೆ ನಿಮ್ಮೆದುರಿಗೇ ಇನ್ನೊಂದು ಸಲ ಟೈಪ್ ಮಾಡಿಸಿ ನೋಡಿ ಅಂದರು. ಸೂಪರ್‌ವೈಸರು ಎಳೆಯನ್ನು ಬೆಳಕಿಗೆ ಹಿಡಿದು, ದಪ್ಪ ದಾರವಾಗಿದ್ದರೆ ಪೆದ್ದುತನ ಅಂತ ಬಿಡಬಹುದಿತ್ತು, ಕಣ್ಣಿಗೆ ಕಾಣದ್ದನ್ನು ಹುಡುಕಿ ತಂದಿದ್ದೀರಲ್ಲ ಅಂದರು. ಪೇಪರಿನ ಮೇಲೆ ಕೆಂಪು ಗೀಟು ಎಳೆದರು. ಎರಡು ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ ಅಂದರು. ಕೊನೆಗೆ, "ಕಾದು ಕೇಕ್ಕಾದ ಪೊಣ್ಣುಕ್ಕು ಪರೀಟ್ಚೈ ಎದುಕ್ಕು?" ಅಂದರು. ಕಿವಿ ಕೇಳದ ಹುಡುಗಿಗೆ ಪರೀಕ್ಷೆ ಯಾಕಂತೆ. ತಂಗಿ ಅವರ ಎದುರಿಗೇ ನಿಂತಿದ್ದಳು. ಅವಳಿಗೆ ತಿಳಿಯದಿರಲಪ್ಪಾ ಅಂತ ಬೇಡಿಕೊಂಡೆ. ಆದರೆ ಆ ತುಟಿಯನ್ನು ಓದಲು ಅವಳು ಕಷ್ಟಪಟ್ಟು ಕಲಿತಿದ್ದಳಲ್ಲ.

ಟೌನ್ ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವಳು ನನ್ನ ಕಡೆ ತಿರುಗಲಿಲ್ಲ. ನನ್ನ ಮುಖ ನೋಡದಿದ್ದರೆ ನಾನು ಏನು ಹೇಳಿದರೂ ಅವಳಿಗೆ ತಲುಪುವುದಿಲ್ಲ. ಅದು ಅವಳಿಗೂ ಗೊತ್ತು. ತಪ್ಪಾಯಿತು ಕಣೇ ಅಂತ ಅವಳ ಬೆನ್ನಿಗೆ ಹೇಳಿದೆ.

ಸಂಘದವರು ಮುಂದಿನ ತಿಂಗಳು ಬೇರೆಯವರನ್ನು ಕೂರಿಸಿದರು. ಎರಡು ವರ್ಷ ಕಳೆದ ಮೇಲೆ ನಾನು ಮತ್ತೆ ಫಾರಮ್ಮು ತಂದುಕೊಟ್ಟೆ. ತಂಗಿ ಅದನ್ನು ಮಡಿಸಿ ಒಲೆಗೆ ಹಾಕಿ, ಅದರ ಮೇಲೆ ನೀರು ಕಾಯಲು ಇಟ್ಟಳು.

ಅದಕ್ಕೂ ಮೊದಲು, ಆ ಪರೀಕ್ಷೆಯ ಮರುದಿನವೇ ಬೆಳಿಗ್ಗೆ ಅಪ್ಪ ಯಾವಾಗಲಿನ ಹಾಗೆ ಮಗ್ಗಕ್ಕೆ ಇಳಿದರು. ನೂಲು ಮುಗಿಯಿತು. ದಾರ ಎಳೆದರು. ದಾರ ಸಡಿಲವಾಗಿ ಅವರ ಕೈಗೇ ಬಂತು. ಇನ್ನೂ ಎಳೆದರು. ಜಗಲಿಯಿಂದ ನೆಲದ ಮೇಲೆ ಹರಿದುಕೊಂಡು ಪೂರ್ತಿ ಒಳಗೆ ಬಂತು, ತುದಿಯಲ್ಲಿ ಕತ್ತರಿ ಹಾಕಿದ ಗುರುತು. ಅಪ್ಪ ಅದನ್ನು ಸುತ್ತಿ ಕಂಬದ ಪಕ್ಕಕ್ಕೆ ಇಟ್ಟರು. ಆಮೇಲೆ ಗುಂಡಿಯಿಂದ ಕಾಲು ತೆಗೆದು, ಮಂಡಿ ಹಿಡಿದುಕೊಂಡು ಎದ್ದು, ಜಗಲಿಗೆ ಹೋಗಿ, ಅವಳ ಮುಂದೆ ನಿಂತು, "ಕಂಡಿಕೆ ಕೊಡವ್ವ" ಅಂದರು.

ಅವಳು ತಲೆಯೆತ್ತಿ ಅವರ ಮುಖ ನೋಡಿ ಕೊಟ್ಟಳು. ಮಗ್ಗದಿಂದ ಜಗಲಿಗೆ ಎಂಟು ಹೆಜ್ಜೆ. ಅವತ್ತು ನಾನು ಎಣಿಸಿದೆ.